ಹಿಂದಿನ ಆಕ್ಸಲ್‌ನ ಡ್ರಮ್ ತೆಗೆದು ಡಿಸ್ಕ್ ಬ್ರೇಕ್ ಹಾಕುವುದು: ಬ್ರಾಕೆಟ್ ಸಿಕ್ಕಿದೆ, ಉಳಿದ ಕೆಲಸ ಹೇಗೆ?

ಪ್ರಶ್ನೆ – ಕೆಸರುಗಾಲಿ

ಎಲ್ಲರಿಗೂ ನಮಸ್ಕಾರ. ನನ್ನ ಬಳಿ ಇರುವುದು ಲ್ಯಾಡರ್ ಚಾಸಿಯ ಹಳೆಯ ಫೋರ್ ವೀಲ್ ಡ್ರೈವ್ ವಾಹನ. ಹಿಂದೆ ಗಟ್ಟಿ ಆಕ್ಸಲ್ ಮತ್ತು ಲೀಫ್ ಸ್ಪ್ರಿಂಗ್, ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್, ಹಿಂದಿನವಕ್ಕೆ 250 ಮಿಲಿಮೀಟರ್ ವ್ಯಾಸದ ಡ್ರಮ್. ಎಬಿಎಸ್ ಇಲ್ಲ. ಸಸ್ಪೆನ್ಷನ್ ಎತ್ತರಿಸಿ, ಕಂಪನಿಯ 29 ಇಂಚಿನ ಟೈರುಗಳ ಜಾಗದಲ್ಲಿ 33 ಇಂಚಿನವನ್ನು ಹಾಕಿಸಿದ ಮೇಲೆ ಬ್ರೇಕು ಮೊದಲಿನಷ್ಟು ಹಿಡಿಯುತ್ತಿಲ್ಲ ಎನಿಸುತ್ತಿದೆ. ಅದಕ್ಕಿಂತ ದೊಡ್ಡ ತೊಂದರೆ ನೀರಿನದು. ಹಳ್ಳ ದಾಟಿ ಮೇಲೆ ಬಂದ ತಕ್ಷಣ ಹಿಂದಿನ ಬ್ರೇಕು ಇದೆಯೋ ಇಲ್ಲವೋ ತಿಳಿಯುವುದಿಲ್ಲ. ಕೆಸರಿನಲ್ಲಿ ಓಡಾಡಿದ ಬಳಿಕ ಡ್ರಮ್ಮಿನೊಳಗಿಂದ ಮರಳು ಅರೆಯುವ ಸದ್ದು ಬರುತ್ತದೆ. ಒಂದು ಬದಿಯ ಅಡ್ಜಸ್ಟರ್ (ಡ್ರಮ್ಮಿಗೆ ಉಜ್ಜುವ ಶೂಗಳು ಸವೆದಂತೆ ಅಂತರ ತುಂಬುವ ಭಾಗ) ಮತ್ತೆ ಮತ್ತೆ ಜಾಮ್ ಆಗುತ್ತದೆ.

ಬ್ಯಾಕಿಂಗ್ ಪ್ಲೇಟ್ (ಡ್ರಮ್ಮಿನ ಒಳಭಾಗಗಳನ್ನು ಹೊತ್ತ ತಟ್ಟೆ) ಇದ್ದ ರಂಧ್ರಗಳಿಗೇ ಬೋಲ್ಟ್ ಹಾಕಿ ಕೂರಿಸುವ ಬ್ರಾಕೆಟ್‌ಗಳು, ಡಿಸ್ಕ್‌ಗಳು ಹಾಗೂ 48 ಮಿಲಿಮೀಟರಿನ ಒಂದೇ ಪಿಸ್ಟನ್ ಇರುವ, ಪ್ಯಾಡ್‌ಗಳನ್ನು ಡಿಸ್ಕ್‌ಗೆ ಒತ್ತುವ, ಪಿನ್‌ಗಳ ಮೇಲೆ ಜಾರುವ ಫ್ಲೋಟಿಂಗ್ ಕ್ಯಾಲಿಪರ್‌ಗಳು ನನಗೆ ಸಿಕ್ಕಿವೆ. ಬ್ರಾಕೆಟ್ ಬಿಗಿದು, ಪೈಪ್ ಜೋಡಿಸಿ, ಗಾಳಿ ತೆಗೆದರೆ ಕೆಲಸ ಮುಗಿಯಿತು ಎಂದು ಹೇಳುವವರಿದ್ದಾರೆ. ಬ್ರೇಕಿನ ವಿಷಯದಲ್ಲಿ ಅಷ್ಟು ಸುಲಭದ ಮಾತನ್ನು ನಂಬಲು ನನಗೆ ಧೈರ್ಯ ಸಾಲದು. ಪೆಡಲ್‌ನ ತುಳಿತವನ್ನು ಆಯಿಲ್ ಒತ್ತಡವಾಗಿಸುವ ಮಾಸ್ಟರ್ ಸಿಲಿಂಡರ್ ಬದಲಿಸಬೇಕೆ? ಹಿಂದಿನ ಲೈನಿನಲ್ಲಿರುವ ವಾಲ್ವ್‌ಗಳನ್ನು ಏನು ಮಾಡಬೇಕು? ಈ ಕ್ಯಾಲಿಪರ್‌ನಲ್ಲಿ ಹ್ಯಾಂಡ್ ಬ್ರೇಕ್ ವ್ಯವಸ್ಥೆ ಇಲ್ಲ, ಅದಕ್ಕೆ ದಾರಿ ಯಾವುದು? ಎಲ್ಲಕ್ಕಿಂತ ಮೊದಲು, ಇಷ್ಟೆಲ್ಲ ಮಾಡಿದ ಮೇಲೆ ವಾಹನ ನಿಜವಾಗಿಯೂ ಬೇಗ ನಿಲ್ಲುತ್ತದೆಯೇ?

ಉತ್ತರ – ಲೋ ರೇಂಜ್

ನೀವು ಕೊನೆಗೆ ಕೇಳಿದ್ದಕ್ಕೇ ಮೊದಲು ಉತ್ತರಿಸುವುದು ಒಳ್ಳೆಯದು, ಏಕೆಂದರೆ ಅದು ಇತ್ಯರ್ಥವಾಗದೆ ಉಳಿದ ಪ್ರಶ್ನೆಗಳಿಗೆ ಅರ್ಥವಿಲ್ಲ. ಒಣಗಿದ ಡಾಂಬರು ರಸ್ತೆಯಲ್ಲಿ, ಸುಸ್ಥಿತಿಯಲ್ಲಿರುವ ಡ್ರಮ್ಮಿನ ಬದಲು ಡಿಸ್ಕ್ ಹಾಕಿದ ಮಾತ್ರಕ್ಕೆ ನಿಲ್ಲುವ ದೂರ ಹೇಳಿಕೊಳ್ಳುವಷ್ಟು ಕಡಿಮೆಯಾಗುವುದಿಲ್ಲ.

ಲೆಕ್ಕ ಹಾಕಿ ನೋಡೋಣ. ವಾಹನದ ತೂಕ 1800 ಕಿಲೋ, ವೀಲ್ ಬೇಸ್ 2.4 ಮೀಟರ್, ಗುರುತ್ವ ಕೇಂದ್ರದ ಎತ್ತರ 0.75 ಮೀಟರ್, ನಿಂತಾಗ ತೂಕ ಹಿಂದೆ ಮುಂದೆ ಸಮಪಾಲು ಎಂದುಕೊಳ್ಳಿ. ಗುರುತ್ವಾಕರ್ಷಣೆಯ ಶೇ 70ರಷ್ಟು ತೀವ್ರತೆಯಲ್ಲಿ ಬ್ರೇಕ್ ಒತ್ತಿದಾಗ ಸುಮಾರು 394 ಕಿಲೋ ಭಾರ ಹಿಂದಿನಿಂದ ಮುಂದಕ್ಕೆ ಸರಿಯುತ್ತದೆ, ಹಿಂದಿನ ಆಕ್ಸಲ್ ಮೇಲೆ 506 ಕಿಲೋ ಮಾತ್ರ ಉಳಿಯುತ್ತದೆ. ಸಸ್ಪೆನ್ಷನ್ ಎತ್ತರಿಸಿದ್ದರಿಂದ ಗುರುತ್ವ ಕೇಂದ್ರ 10 ಸೆಂಟಿಮೀಟರ್ ಮೇಲೇರಿದ್ದರೆ ಅದು 454 ಕಿಲೋಗೆ ಇಳಿಯುತ್ತದೆ, ಅಂದರೆ ಒಟ್ಟು ತೂಕದ ಕಾಲುಭಾಗ. ಜೋರಾಗಿ ನಿಲ್ಲಿಸುವ ಹೊತ್ತಿನಲ್ಲಿ ಕಾಲುಭಾಗದ ಕೆಲಸ ಮಾಡುವ ಆಕ್ಸಲ್‌ನಲ್ಲಿ ಯಾವ ಬ್ರೇಕ್ ಇದ್ದರೂ ಮುಕ್ಕಾಲು ಭಾಗದ ಹೊಣೆ ಮುಂದಿನ ಚಕ್ರಗಳದೇ. ನಿಮಗೆ ಬ್ರೇಕು ಸಾಲದು ಎನಿಸುತ್ತಿರುವುದಕ್ಕೆ ಕಾರಣ ಟೈರು: ಚಕ್ರದ ತ್ರಿಜ್ಯ ಹೆಚ್ಚಿದಷ್ಟೂ ಅದೇ ಬ್ರೇಕ್ ಟಾರ್ಕ್‌ನಿಂದ ನೆಲಕ್ಕೆ ದಕ್ಕುವ ಬಲ ಕಡಿಮೆಯಾಗುತ್ತದೆ, 29ರಿಂದ 33ಕ್ಕೆ ಹೋದಾಗ ಸುಮಾರು ಶೇ 12ರಷ್ಟು. ಅದು ನಾಲ್ಕೂ ಚಕ್ರಗಳಿಗೆ ಅನ್ವಯಿಸುವ ನಷ್ಟವಾದ್ದರಿಂದ ಪರಿಹಾರವನ್ನು ಮುಂದಿನ ಪ್ಯಾಡ್, ಡಿಸ್ಕ್, ಬೂಸ್ಟರ್‌ಗಳಲ್ಲಿ ಹುಡುಕಬೇಕು.

ಡ್ರಮ್ಮನ್ನು ದುರ್ಬಲ ಎಂದು ತಿಳಿಯುವುದೂ ಸರಿಯಲ್ಲ. ಡ್ರಮ್ ತಿರುಗುವ ದಿಕ್ಕಿನಲ್ಲೇ ತೆರೆದುಕೊಳ್ಳುವ ಶೂವನ್ನು ಘರ್ಷಣೆಯೇ ಡ್ರಮ್ಮಿನ ಗೋಡೆಗೆ ಇನ್ನಷ್ಟು ಎಳೆದು ಒತ್ತುತ್ತದೆ. ಪೆಡಲ್‌ನಿಂದ ಬಂದ ಬಲ ಹೀಗೆ ಒಳಗೇ ಹಿಗ್ಗುತ್ತದೆ. ಲೈನಿನಲ್ಲಿ 40 ಬಾರ್ ಒತ್ತಡವಿದ್ದಾಗ 22 ಮಿಲಿಮೀಟರಿನ ವೀಲ್ ಸಿಲಿಂಡರ್ ಒಂದೊಂದು ಶೂವನ್ನು ಸುಮಾರು 1520 ನ್ಯೂಟನ್ ಬಲದಿಂದ ತಳ್ಳುತ್ತದೆ. ನಿಮ್ಮ 48 ಮಿಲಿಮೀಟರಿನ ಕ್ಯಾಲಿಪರ್ 7240 ನ್ಯೂಟನ್ ಬಲದಿಂದ ಒತ್ತುತ್ತದೆ. ಸುಮಾರು ಐದು ಪಟ್ಟು ಎಂದು ಹಿಗ್ಗಬೇಡಿ. ಕೆಳಗಡೆ ಎರಡೂ ಶೂ ಸ್ಥಿರವಾಗಿ ಆನಿಕೊಂಡಿರುವ ಸಾಮಾನ್ಯ ಡ್ರಮ್ಮಿನಲ್ಲಿ ಆ ಬಲ ಎರಡು ಪಟ್ಟಿಗಿಂತ ತುಸು ಹೆಚ್ಚಾಗಿ ಹಿಗ್ಗುತ್ತದೆ. ಡಿಸ್ಕ್‌ನಲ್ಲಿ ಪ್ಯಾಡಿನ ಘರ್ಷಣಾಂಕ 0.38 ಆಗಿದ್ದರೆ ಎರಡು ಪ್ಯಾಡಿಗೆ ಸೇರಿ ಅದು 0.76ಕ್ಕೆ ನಿಲ್ಲುತ್ತದೆ. ಚಕ್ರಕ್ಕೆ ಸಿಗುವ ಟಾರ್ಕ್ ಡ್ರಮ್ಮಿನಲ್ಲಿ ಸುಮಾರು 440 ನ್ಯೂಟನ್ ಮೀಟರ್, 120 ಮಿಲಿಮೀಟರ್ ಕಾರ್ಯತ್ರಿಜ್ಯದ ಡಿಸ್ಕ್‌ನಲ್ಲಿ 660. ಒಂದೂವರೆ ಪಟ್ಟು ಅಷ್ಟೆ, ಮತ್ತು ಎತ್ತರಿಸಿದ ವಾಹನದ ಹಗುರಾದ ಹಿಂಭಾಗಕ್ಕೆ ಆ ಹೆಚ್ಚಳ ವರವಲ್ಲ. 38 ಮಿಲಿಮೀಟರಿನ ಪಿಸ್ಟನ್ ಆಗಿದ್ದರೆ ಬಹುತೇಕ ಮೊದಲಿನಷ್ಟೇ ಸಿಗುತ್ತಿತ್ತು. ನಿಮ್ಮ ಡ್ರಮ್ಮಿನಲ್ಲಿ ಮೇಲೊಂದೇ ಆಧಾರದ ಪಿನ್ ಇದ್ದು, ಕೆಳಗೆ ಅಡ್ಜಸ್ಟರ್ ಎರಡು ಶೂಗಳ ನಡುವೆ ತೇಲುತ್ತಿದ್ದರೆ ಅದು ಡ್ಯುವೋ ಸರ್ವೋ ಮಾದರಿ. ಅದರಲ್ಲಿ ಬಲ ನಾಲ್ಕು ಪಟ್ಟಿಗೂ ಮೀರಿ ಹಿಗ್ಗಬಲ್ಲದು, ಆಗ ನಿಮ್ಮ ಡಿಸ್ಕ್ ಡ್ರಮ್ಮಿಗಿಂತ ಕಡಿಮೆ ಹಿಡಿಯುತ್ತದೆ. ಡ್ರಮ್ ಬಿಚ್ಚಿದಾಗ ಇದನ್ನು ಮೊದಲು ನೋಡಿ.

ಹಾಗಾದರೆ ಡಿಸ್ಕ್ ಏಕೆ ಬೇಕು? ಬಲ ಹಿಗ್ಗಿಸುವ ಅದೇ ಗುಣ ನೀರಿನಲ್ಲಿ ತಿರುಗಿ ಬೀಳುತ್ತದೆ. ಡಿಸ್ಕ್‌ನಲ್ಲಿ ಘರ್ಷಣೆ ಅರ್ಧವಾದರೆ ಬ್ರೇಕೂ ಅರ್ಧವಾಗುತ್ತದೆ. ಡ್ರಮ್ಮಿನಲ್ಲಿ ಘರ್ಷಣೆ ಅರ್ಧವಾದರೆ ಬ್ರೇಕು ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ, ಅದರಲ್ಲೂ ಎಡ ಬಲಗಳಲ್ಲಿ ಬೇರೆ ಬೇರೆ ಪ್ರಮಾಣದಲ್ಲಿ. ಜೊತೆಗೆ ಡಿಸ್ಕ್ ತನ್ನ ಮೇಲಿನ ನೀರನ್ನು ತಿರುಗುತ್ತಲೇ ಎಸೆದುಬಿಡುತ್ತದೆ, ಡ್ರಮ್ ಅದನ್ನೂ ಅದರೊಡನೆ ಬಂದ ಕೆಸರನ್ನೂ ಒಳಗೆ ಇಟ್ಟುಕೊಳ್ಳುತ್ತದೆ.

ಇನ್ನೊಂದು ಸಂದರ್ಭವನ್ನು ರಸ್ತೆಯ ಲೆಕ್ಕ ಮರೆಸುತ್ತದೆ. 30 ಡಿಗ್ರಿ ಏರಿನಲ್ಲಿ ಅರ್ಧಕ್ಕೆ ಎಂಜಿನ್ ನಿಂತು, ಮೂತಿ ಮೇಲೆ ಮಾಡಿಕೊಂಡು ವಾಹನವನ್ನು ತಡೆದು ನಿಲ್ಲಿಸಬೇಕಾದಾಗ, ಮೇಲೆ ಹೇಳಿದ ಅಳತೆಯ ವಾಹನದಲ್ಲಿ ಹಿಂದಿನ ಆಕ್ಸಲ್ ಮೇಲೆ ಸುಮಾರು 1060 ಕಿಲೋ, ಮುಂದಿನದರ ಮೇಲೆ 500 ಕಿಲೋ ಭಾರ ಬೀಳುತ್ತದೆ. ಮೂರರಲ್ಲಿ ಎರಡು ಪಾಲು ಹಿಂದೆ. ಅಲ್ಲಿ ಮುಂದಿನ ಬ್ರೇಕ್ ಎಷ್ಟೇ ಚೆನ್ನಾಗಿದ್ದರೂ ಟೈರಿಗೆ ಹಿಡಿತವಿಲ್ಲ. ಹಳ್ಳ ದಾಟಿ, ಒದ್ದೆ ಡ್ರಮ್‌ಗಳೊಂದಿಗೆ ನೇರವಾಗಿ ಏರು ಹತ್ತುವವರಿಗೆ ಹಿಂದಿನ ಡಿಸ್ಕ್ ಸಾರ್ಥಕವಾಗುವುದು ಇಲ್ಲಿ. ನಿಮ್ಮ ಬಳಕೆ ಅಂಥದ್ದಾಗಿದ್ದರೆ ಖಂಡಿತ ಮಾಡಿ.

ಉತ್ತರ – ಸ್ಪ್ಯಾನರ್ ಹದಿನೇಳು

ಮೇಲಿನವರು ಹೇಳಿದ್ದಕ್ಕೆ ನನ್ನ ಸಹಮತವಿದೆ. ನಾನು ಆಯಿಲ್ ಒತ್ತಡದ ಭಾಗವನ್ನಷ್ಟೇ ವಿವರಿಸುತ್ತೇನೆ. ಈ ಕೆಲಸದಲ್ಲಿ ಬ್ರಾಕೆಟ್ ಕಣ್ಣಿಗೆ ಕಾಣುವ ಭಾಗವಾದ್ದರಿಂದ ಎಲ್ಲರ ಗಮನವೂ ಅದರ ಮೇಲಿರುತ್ತದೆ. ಕೆಡುವುದು ಬಹುತೇಕ ಪೈಪಿನೊಳಗೆ.

ಮೊದಲನೆಯದು ಶೇಷ ಒತ್ತಡದ ವಾಲ್ವ್, ಅಂದರೆ ರೆಸಿಡುಯಲ್ ವಾಲ್ವ್. ಡ್ರಮ್ಮಿನ ಶೂಗಳನ್ನು ಬಿಗಿಯಾದ ಸ್ಪ್ರಿಂಗ್‌ಗಳು ಹಿಂದಕ್ಕೆಳೆಯುತ್ತವೆ. ಪೆಡಲ್ ಬಿಟ್ಟಾಗ ವೀಲ್ ಸಿಲಿಂಡರಿನ ರಬ್ಬರ್ ಕಪ್‌ಗಳು ಸಡಿಲಗೊಂಡು ಗಾಳಿ ಒಳಸೇರದಿರಲೆಂದು ಹಳೆಯ ವ್ಯವಸ್ಥೆಗಳಲ್ಲಿ ಸುಮಾರು 10 ಪಿಎಸ್ಐ, ಎಂದರೆ 0.7 ಬಾರ್ ಒತ್ತಡವನ್ನು ಲೈನಿನಲ್ಲಿ ಉಳಿಸುವ ವಾಲ್ವ್ ಇರುತ್ತದೆ. ಹಲವು ಮಾಸ್ಟರ್ ಸಿಲಿಂಡರ್‌ಗಳಲ್ಲಿ ಅದು ಹಿಂದಿನ ಲೈನ್ ಹೊರಡುವ ರಂಧ್ರದೊಳಗೇ ಅಡಗಿದ್ದು ಹೊರಗಿನಿಂದ ಕಾಣುವುದಿಲ್ಲ. ಡಿಸ್ಕ್‌ನ ಪ್ಯಾಡನ್ನು ಹಿಂದಕ್ಕೆ ತರಲು ಸ್ಪ್ರಿಂಗ್ ಇಲ್ಲ. ಪಿಸ್ಟನ್ನಿನ ಚೌಕ ಸೀಲ್ ತಿರುಚಿ ಬಿಟ್ಟಾಗ ಕೂದಲೆಳೆಯಷ್ಟು ಸರಿಯುತ್ತದೆ, ಅಷ್ಟೇ. ಆ 0.7 ಬಾರ್ ಉಳಿದರೆ ಪ್ಯಾಡ್ ಸದಾ ಉಜ್ಜುತ್ತದೆ, ಡಿಸ್ಕ್ ಕಾಯುತ್ತದೆ, ಆಯಿಲ್ ಕುದಿಯುವವರೆಗೂ ಹೋಗಬಹುದು. ಆದ್ದರಿಂದ ಅದನ್ನು ತೆಗೆಯಲೇಬೇಕು. ಒಂದೇ ವಿನಾಯಿತಿ: ಮಾಸ್ಟರ್ ಸಿಲಿಂಡರ್ ನೆಲಹಾಸಿನ ಕೆಳಗೆ, ಕ್ಯಾಲಿಪರ್‌ಗಿಂತ ತಗ್ಗಿನಲ್ಲಿದ್ದರೆ ಆಯಿಲ್ ಹಿಂದಕ್ಕೆ ಹರಿಯದಂತೆ ಡಿಸ್ಕ್‌ಗೆಂದೇ ಇರುವ 2 ಪಿಎಸ್ಐ ವಾಲ್ವ್ ಹಾಕುತ್ತಾರೆ.

ಎರಡನೆಯದು ಪ್ರೊಪೋರ್ಷನಿಂಗ್ ವಾಲ್ವ್. ಒಂದು ಮಿತಿಯ ನಂತರ ಹಿಂದಿನ ಒತ್ತಡ ಮುಂದಿನದಕ್ಕಿಂತ ನಿಧಾನವಾಗಿ ಏರುವಂತೆ ಅದು ತಡೆಯುತ್ತದೆ. ಕಂಪನಿ ಅದನ್ನು ನಿಮ್ಮ ಡ್ರಮ್ಮಿಗೂ ನಿಮ್ಮ ಮೂಲ ಎತ್ತರಕ್ಕೂ ಹೊಂದಿಸಿ ಮಾಡಿರುವುದರಿಂದ ಹೊಸ ವ್ಯವಸ್ಥೆಗೆ ಅದು ಸರಿಹೊಂದುವುದು ಆಕಸ್ಮಿಕವೇ ಸರಿ. ಹಿಂದಿನ ಲೈನಿಗೆ ಮಾತ್ರ ಕೈಯಿಂದ ತಿರುಗಿಸಿ ಹೊಂದಿಸಬಹುದಾದ ವಾಲ್ವ್ ಹಾಕಿ, ಆದರೆ ಹಳೆಯ ವಾಲ್ವ್‌ನ ಆ ಕಾರ್ಯವನ್ನು ನಿಲ್ಲಿಸಿಯೇ ಹಾಕಿ. ಎರಡು ವಾಲ್ವ್‌ಗಳು ಒಂದರ ಹಿಂದೊಂದು ಇದ್ದರೆ ನೀವು ಯಾವುದನ್ನು ತಿರುಗಿಸುತ್ತಿದ್ದೀರಿ, ಯಾವುದು ತಡೆಯುತ್ತಿದೆ ಎಂಬುದೇ ತಿಳಿಯುವುದಿಲ್ಲ. ಕೆಲವು ವಾಹನಗಳಲ್ಲಿ ಇದರ ಬದಲು ಚಾಸಿಗೂ ಆಕ್ಸಲ್‌ಗೂ ನಡುವೆ ಕೋಲು ಜೋಡಿಸಿದ ಲೋಡ್ ಸೆನ್ಸಿಂಗ್ ವಾಲ್ವ್ ಇರುತ್ತದೆ. ಸಸ್ಪೆನ್ಷನ್ ಎತ್ತರಿಸಿದಾಗ ಆ ಕೋಲು ಕೆಳಗೆ ಜಗ್ಗಿ, ವಾಹನ ಖಾಲಿ ಇದೆ ಎಂದು ವಾಲ್ವ್ ಭಾವಿಸಿ ಹಿಂದಿನ ಒತ್ತಡವನ್ನು ಕಡಿತಗೊಳಿಸುತ್ತದೆ. ನಿಮ್ಮದರಲ್ಲಿ ಇಂಥದ್ದೇನಾದರೂ ಇದ್ದರೆ ಡ್ರಮ್ಮಿನ ಮೇಲೆ ಹೊರಿಸಿರುವ ಅರ್ಧ ಆರೋಪ ಅದರದ್ದಾಗಿರಬಹುದು.

ಮೂರನೆಯದು ಮಾಸ್ಟರ್ ಸಿಲಿಂಡರ್. ಅಲ್ಲಿ ಎರಡು ಪ್ರಶ್ನೆಗಳು ಬೆರೆತುಹೋಗಿವೆ, ಬಿಡಿಸಿ ನೋಡಬೇಕು. ಒಂದು ಸಲ ಪೆಡಲ್ ಒತ್ತಲು ಬೇಕಾಗುವ ಆಯಿಲ್‌ನಲ್ಲಿ ಹೆಚ್ಚು ವ್ಯತ್ಯಾಸ ಬರಲಿಕ್ಕಿಲ್ಲ: ಕ್ಯಾಲಿಪರ್‌ನ ಪಿಸ್ಟನ್ ದೊಡ್ಡದಾದರೂ ಅರ್ಧ ಮಿಲಿಮೀಟರಿನಷ್ಟು ಸರಿದರೆ ಸಾಕು, ಅದಕ್ಕೆ ಬೇಕಾದದ್ದು ಒಂದು ಸಿಸಿಯೊಳಗೆ, ವೀಲ್ ಸಿಲಿಂಡರಿನ ಪಿಸ್ಟನ್‌ಗಳು ಸಣ್ಣವಾದರೂ ಎರಡೂ ಹೆಚ್ಚು ದೂರ ಚಲಿಸುತ್ತವೆ, ಒಟ್ಟು ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ. ನಿಜವಾದ ವ್ಯತ್ಯಾಸ ಪ್ಯಾಡ್ ಸವೆದಂತೆಲ್ಲ ಕಾಣುತ್ತದೆ. ಡ್ರಮ್ಮಿನಲ್ಲಿ ಲೈನಿಂಗ್ ಸವೆದ ಅಂತರವನ್ನು ಅಡ್ಜಸ್ಟರ್ ತುಂಬುತ್ತದೆ, ಡಿಸ್ಕ್‌ನಲ್ಲಿ ಅದನ್ನು ಆಯಿಲೇ ತುಂಬಬೇಕು. ಎರಡು ಪ್ಯಾಡ್‌ಗಳು 8 ಮಿಲಿಮೀಟರಿನಂತೆ ಸವೆದರೆ ನಿಮ್ಮ ಪಿಸ್ಟನ್ 16 ಮಿಲಿಮೀಟರ್ ಮುಂದೆ ಬಂದಿರುತ್ತದೆ, ಅಂದರೆ ಒಂದು ಕ್ಯಾಲಿಪರ್‌ಗೆ 29 ಸಿಸಿ, ಎರಡಕ್ಕೆ 58 ಸಿಸಿ ಆಯಿಲ್ ಡಬ್ಬಿಯಿಂದ ಇಳಿದಿರುತ್ತದೆ. ಮುಂದೆ ಡಿಸ್ಕ್, ಹಿಂದೆ ಡ್ರಮ್ ಇರುವ ವಾಹನಗಳ ಮಾಸ್ಟರ್ ಸಿಲಿಂಡರಿನಲ್ಲಿ ಹಿಂದಿನ ಕೋಣೆ ಚಿಕ್ಕದಾಗಿರುವುದು ಸಾಮಾನ್ಯ. ಅದರ ಅಳತೆ ನೋಡಿಕೊಳ್ಳಿ. ಸಾಲದಿದ್ದರೆ ನಾಲ್ಕೂ ಚಕ್ರಕ್ಕೆ ಡಿಸ್ಕ್ ಇರುವ ವಾಹನದ ಮಾಸ್ಟರ್ ಸಿಲಿಂಡರ್ ಬೇಕು.

ಬೋರ್ (ಸಿಲಿಂಡರಿನ ಒಳವ್ಯಾಸ) ಆರಿಸುವಾಗ ದೊಡ್ಡದು ಒಳ್ಳೆಯದೆಂಬ ಭ್ರಮೆ ಬೇಡ. 22.2 ಮಿಲಿಮೀಟರಿನಿಂದ 25.4ಕ್ಕೆ ಹೋದರೆ ಪಿಸ್ಟನ್ನಿನ ವಿಸ್ತೀರ್ಣ ಶೇ 31ರಷ್ಟು ಹೆಚ್ಚುತ್ತದೆ. ಪೆಡಲ್ ಕಡಿಮೆ ಇಳಿಯುತ್ತದೆ ನಿಜ, ಆದರೆ ಅದೇ ಒತ್ತಡಕ್ಕೆ ಕಾಲಿನಿಂದ ಶೇ 31ರಷ್ಟು ಹೆಚ್ಚು ತುಳಿಯಬೇಕಾಗುತ್ತದೆ. ಪೆಡಲ್ ಕಲ್ಲಿನಂತಾಗಿದೆ, ವಾಹನ ಮಾತ್ರ ನಿಲ್ಲುತ್ತಿಲ್ಲ ಎಂದು ಗೋಳಾಡುವವರಲ್ಲಿ ಅನೇಕರು ಮಾಡಿರುವುದು ಇದನ್ನೇ.

ಪೈಪುಗಳ ಬಗ್ಗೆ ಚಿಕ್ಕದಾಗಿ. ಎರಡು ಮಡಿಕೆಯ ಫ್ಲೇರ್ (ಅಗಲಿಸಿದ ಪೈಪಿನ ತುದಿ) ಮತ್ತು ಗುಳ್ಳೆಯಾಕಾರದ ಐಎಸ್ಒ ಫ್ಲೇರ್ ಒಂದಕ್ಕೊಂದು ಕೂರುವುದಿಲ್ಲ, ಬಿಗಿದರೆ ಕೂತಂತೆ ಕಂಡು ನಂತರ ಸೋರುತ್ತವೆ. ಹೋಸನ್ನು ಕ್ಯಾಲಿಪರ್‌ಗೆ ಬಿಗಿಯುವ ಟೊಳ್ಳು ಬ್ಯಾಂಜೋ ಬೋಲ್ಟಿನ ಎರಡೂ ಬದಿಗೆ ಹೊಸ ತಾಮ್ರದ ವಾಷರ್ ಹಾಕಿ. ಆಕ್ಸಲ್ ಪೂರ್ತಿ ಕೆಳಗೆ ಜೋತಾಡುವ ಸ್ಥಿತಿಯಲ್ಲಿ ರಬ್ಬರ್ ಹೋಸ್‌ನ ಉದ್ದ ಅಳೆಯಿರಿ. ಬ್ರೇಕ್ ಆಯಿಲ್ ಡಾಟ್ 4 ದರ್ಜೆಯದಾಗಲಿ. ಹೊಸದಾಗಿದ್ದಾಗ ಅದರ ಕುದಿಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್, ತೇವ ಹೀರಿದ ಮೇಲೆ 155. ಡಾಟ್ 5 ಸಿಲಿಕೋನ್ ಜಾತಿಯದು, ಅದನ್ನು ಇದರೊಡನೆ ಬೆರೆಸಬಾರದು.

ಉತ್ತರ – ಹಳೇ ಡ್ರಮ್

ನಾನು ಸ್ವಲ್ಪ ಭಿನ್ನವಾದ ಮಾತು ಹೇಳಬೇಕಾಗಿದೆ. ಒಂದೇ ಬದಿಯ ಅಡ್ಜಸ್ಟರ್ ಪದೇ ಪದೇ ಜಾಮ್ ಆಗುತ್ತಿದೆ ಎಂದಿದ್ದೀರಿ. ಎರಡೂ ಬದಿಗೆ ಅದೇ ಕೆಸರು, ಅದೇ ನೀರು. ಹಾಗಿದ್ದೂ ಒಂದೇ ಬದಿ ಕೆಡುತ್ತಿದ್ದರೆ ಕಾರಣ ಆ ಬದಿಯಲ್ಲೇ ಇದೆ. ಆಕ್ಸಲ್ ಸೀಲ್ ಜಿನುಗಿ ಗೇರ್ ಆಯಿಲ್ ಶೂಗಳ ಮೇಲೆ ಹರಡಿರುವುದು, ಬ್ಯಾಕಿಂಗ್ ಪ್ಲೇಟಿನ ರಬ್ಬರ್ ಮುಚ್ಚಳ ಕಳೆದುಹೋಗಿ ಆ ತೂತಿನಿಂದ ಕೆಸರು ನುಗ್ಗುತ್ತಿರುವುದು, ಶೂ ಒರಗುವ ಜಾಗಗಳಲ್ಲಿ ಗುಂಡಿ ಬಿದ್ದಿರುವುದು, ಇವಿಷ್ಟನ್ನು ಬಿಚ್ಚಿ ನೋಡದೆ ಡಿಸ್ಕ್ ಕಡೆಗೆ ಹೋಗಬೇಡಿ. ಸೀಲ್ ಸೋರುತ್ತಿದ್ದರೆ ಆ ಆಯಿಲ್ ನಾಳೆ ಡಿಸ್ಕ್ ಮತ್ತು ಪ್ಯಾಡನ್ನೂ ತಲುಪುತ್ತದೆ. ಸೀಲ್, ಬೇರಿಂಗ್ ಎರಡನ್ನೂ ಈಗಲೇ ಬದಲಿಸುವುದು ಹೇಗಿದ್ದರೂ ಮಾಡಬೇಕಾದ ಕೆಲಸ.

ಕೆಸರಿನಲ್ಲಿ ಓಡಿಸಿದ ನಂತರ ಡ್ರಮ್ ಬಿಚ್ಚಿ ತೊಳೆದು, ಅಡ್ಜಸ್ಟರಿನ ಎಳೆಗಳಿಗೆ ಶಾಖ ತಡೆಯುವ ಗ್ರೀಸ್ ಸವರಿ, ಅಂತರ ಸರಿಪಡಿಸುವ ಶಿಸ್ತು ಇರುವವರಿಗೆ ಡ್ರಮ್ ಈಗಲೂ ಸಾಕು. ಆ ಶಿಸ್ತು ಎಲ್ಲರಿಂದ ಆಗದು ಎಂಬುದನ್ನು ಒಪ್ಪುತ್ತೇನೆ. ಅಂಥವರಿಗೆ ಚಕ್ರ ಬಿಚ್ಚಿದರೆ ಸಾಕು, ಪ್ಯಾಡ್ ಕಣ್ಣೆದುರೇ ಇರುತ್ತದೆ ಎಂಬುದೊಂದು ದೊಡ್ಡ ಅನುಕೂಲ. ಆದರೆ ನೆನಪಿಡಿ, ಕೆಸರಿನ ಮರಳು ಡಿಸ್ಕ್ ಪ್ಯಾಡನ್ನೂ ತಿನ್ನುತ್ತದೆ, ಕ್ಯಾಲಿಪರ್ ಜಾರುವ ಪಿನ್‌ಗಳ ರಬ್ಬರ್ ಹರಿದರೆ ಒಂದು ಪ್ಯಾಡ್ ಪೂರ್ತಿ ಸವೆದು ಇನ್ನೊಂದು ಹೊಸದಾಗಿಯೇ ಉಳಿಯುತ್ತದೆ.

ಹ್ಯಾಂಡ್ ಬ್ರೇಕ್ ಮಾತಿಗೆ ಬಂದರೆ ಡ್ರಮ್ಮಿಗೆ ಸಾಟಿಯಿಲ್ಲ. ಅದನ್ನು ಕಳೆದುಕೊಂಡ ಮೇಲೆ ಅಷ್ಟೇ ಗಟ್ಟಿಯಾದದ್ದನ್ನು ಮತ್ತೆ ಕಟ್ಟುವುದು ಈ ಇಡೀ ಕೆಲಸದ ಅತಿ ಕಷ್ಟದ ಭಾಗ.

ಕೆಸರುಗಾಲಿ

ಮೂವರಿಗೂ ಧನ್ಯವಾದ. ಹಳೇ ಡ್ರಮ್ ಅವರು ಹೇಳಿದಂತೆ ಬಿಚ್ಚಿ ನೋಡಿದೆ. ಆ ಬದಿಯ ಆಕ್ಸಲ್ ಸೀಲ್ ಜಿನುಗುತ್ತಿರುವುದು ನಿಜ, ಎರಡೂ ಬದಿಯ ಸೀಲ್ ಮತ್ತು ಬೇರಿಂಗ್ ಬದಲಿಸುತ್ತೇನೆ. ಶೂಗಳು ಕೆಳಗೆ ಸ್ಥಿರವಾಗಿ ಆನಿಕೊಂಡಿರುವ ಸಾಮಾನ್ಯ ಮಾದರಿಯವು. ಆಕ್ಸಲ್ ಶಾಫ್ಟ್‌ಗಳನ್ನು ಡಿಫರೆನ್ಷಿಯಲ್ ಒಳಗೆ ಸಿ ಕ್ಲಿಪ್ ಹಿಡಿದಿದೆ. ನೀರು ಮತ್ತು ಏರು ಎರಡೂ ನನ್ನ ಬಳಕೆಯಲ್ಲಿ ನಿತ್ಯದ ಸಂಗತಿಗಳಾದ್ದರಿಂದ ಡಿಸ್ಕ್ ಹಾಕುವುದೆಂದೇ ನಿರ್ಧರಿಸಿದ್ದೇನೆ. ಹ್ಯಾಂಡ್ ಬ್ರೇಕ್‌ಗೆ ಲೈನ್ ಲಾಕ್ ಹಾಕಿದರೆ ಸಾಕು ಎಂಬ ಸಲಹೆ ಒಂದು ಕಡೆ ಬಂತು. ಅದು ಸರಿಯೇ? ಜೋಡಿಸುವಾಗ ಗಮನಿಸಬೇಕಾದ ಇತರ ಅಂಶಗಳಿದ್ದರೆ ದಯವಿಟ್ಟು ತಿಳಿಸಿ.

ಉತ್ತರ – ಸ್ಪ್ಯಾನರ್ ಹದಿನೇಳು

ಲೈನ್ ಲಾಕ್ ಹ್ಯಾಂಡ್ ಬ್ರೇಕ್ ಅಲ್ಲ. ಅದು ಪೈಪಿನಲ್ಲಿ ಆಯಿಲ್ ಒತ್ತಡವನ್ನು ಬಂಧಿಸಿಡುತ್ತದೆ. ಆಯಿಲ್ ತಣ್ಣಗಾದರೆ, ಯಾವುದೋ ಸೀಲ್ ಹನಿಯಷ್ಟು ಜಿನುಗಿದರೆ, ಒತ್ತಡ ಇಳಿದು ವಾಹನ ತಾನಾಗಿಯೇ ಹೊರಡುತ್ತದೆ. ವಿಶ್ವಸಂಸ್ಥೆಯ ಬ್ರೇಕ್ ನಿಯಮ ಆರ್13 ಕೂಡ ಪಾರ್ಕಿಂಗ್ ಬ್ರೇಕ್ ಕೇವಲ ಯಾಂತ್ರಿಕವಾಗಿ ಹಿಡಿದು ನಿಲ್ಲಬೇಕು, ಪೂರ್ತಿ ಭಾರ ಹೊತ್ತ ವಾಹನವನ್ನು ಶೇ 18ರ ಇಳಿಜಾರಿನಲ್ಲಿ ತಡೆಯಬೇಕು ಎನ್ನುತ್ತದೆ. ಅಮೆರಿಕದ ವಾಹನ ಸುರಕ್ಷತಾ ಮಾನದಂಡ ಎಫ್‌ಎಂವಿಎಸ್ಎಸ್ 135ರಲ್ಲಿ ಅದು ಶೇ 20. ಏರಿನಲ್ಲಿ ವಿಂಚ್ ಹಗ್ಗ ಎಳೆಯಲು ಕೆಳಗಿಳಿಯುವವರಿಗೆ ಈ ಶೇಕಡಾವಾರು ಏನೇನೂ ಸಾಲದು.

ದಾರಿಗಳು ಮೂರು. ಡಿಸ್ಕ್‌ನ ನಡುವಿನ ಟೊಪ್ಪಿಯಂಥ ಭಾಗದೊಳಗೆ ಹ್ಯಾಂಡ್ ಬ್ರೇಕಿಗೆಂದೇ ಸಣ್ಣ ಶೂಗಳಿರುವುದು ಒಂದು. 1995ರಿಂದ 1998ರವರೆಗಿನ ಜೀಪ್ ಗ್ರ್ಯಾಂಡ್ ಚೆರೋಕಿ, 1995ರಿಂದ 2001ರವರೆಗಿನ ಫೋರ್ಡ್ ಎಕ್ಸ್‌ಪ್ಲೋರರ್‌ಗಳ ಹಿಂದಿನ ಡಿಸ್ಕ್‌ಗಳು ಈ ಬಗೆಯವು, ಹಳೆಯ ಜೀಪ್‌ಗಳಿಗೆ ಜನ ಇವನ್ನು ಬಿಚ್ಚಿ ತಂದು ಹಾಕುವುದು ಬಹಳ ಕಾಲದಿಂದ ನಡೆದುಬಂದಿದೆ. ಹಿಡಿತ ವಿಶ್ವಾಸಾರ್ಹ, ಒಳಗೆ ಕೆಸರು ಸೇರುವ ಹಳೆಯ ಕಾಟ ಸಣ್ಣ ಪ್ರಮಾಣದಲ್ಲಿ ಮುಂದುವರಿಯುತ್ತದೆ, ಆದರೆ ನಿಂತ ವಾಹನವನ್ನು ಹಿಡಿಯುವುದಷ್ಟೇ ಅದರ ಕೆಲಸವಾದ್ದರಿಂದ ಲೈನಿಂಗ್ ಬೇಗ ಸವೆಯುವುದಿಲ್ಲ. ಎರಡನೆಯದು ಸನ್ನೆ ಜೋಡಿಸಿದ ಕ್ಯಾಲಿಪರ್. ಕೇಬಲ್ ಎಳೆದಾಗ ಒಳಗಿನ ತಿರುಪು ಪಿಸ್ಟನ್ನನ್ನು ಒತ್ತುತ್ತದೆ. ಕ್ಯಾಡಿಲ್ಯಾಕ್ ಎಲ್ಡೊರಾಡೋದ ಹಳೆಯ ಕ್ಯಾಲಿಪರ್‌ಗಳು ಈ ಕಾರಣಕ್ಕೇ ಪರಿವರ್ತನೆಗಳಲ್ಲಿ ಹೆಸರುವಾಸಿ. ಹ್ಯಾಂಡ್ ಬ್ರೇಕನ್ನು ನಿತ್ಯ ಬಳಸದಿದ್ದರೆ ಅವುಗಳ ಒಳಗಿನ ಅಡ್ಜಸ್ಟರ್ ಹಿಂದುಳಿದು ಬ್ರೇಕ್ ಪೆಡಲೂ ಕೆಳಗಿಳಿಯತೊಡಗುತ್ತದೆ. ಇನ್ನೊಂದು ಅಪಾಯ, ಕಾದ ಡಿಸ್ಕ್ ಮೇಲೆ ಹ್ಯಾಂಡ್ ಬ್ರೇಕ್ ಎಳೆದು ಹೋದರೆ ಅದು ತಣ್ಣಗಾಗಿ ಕುಗ್ಗಿದಾಗ ಹಿಡಿತ ಸಡಿಲವಾಗುತ್ತದೆ. ಇಳಿಯುವಾಗ ಗೇರಿನಲ್ಲೂ ಇಟ್ಟು ಇಳಿಯಬೇಕು. ಮೂರನೆಯದು, ಎಂಜಿನ್ ಬಲವನ್ನು ಎರಡೂ ಆಕ್ಸಲ್‌ಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸ್‌ನ ಹಿಂಬದಿಯಲ್ಲಿ, ಪ್ರೊಪೆಲ್ಲರ್ ಶಾಫ್ಟನ್ನೇ ಹಿಡಿಯುವ ಬ್ರೇಕ್, ಲ್ಯಾಂಡ್ ರೋವರ್ ಡಿಫೆಂಡರ್‌ನಲ್ಲಿ ಕಂಪನಿಯೇ ಕೊಟ್ಟಿರುವಂಥದ್ದು. ಆಕ್ಸಲ್‌ನ ಗೇರ್ ಅನುಪಾತದಷ್ಟು ಅದರ ಬಲ ಗುಣಿಸುವುದರಿಂದ ಹಿಡಿತದಲ್ಲಿ ಇದೇ ಮೇಲು. ಕೆಸರಿನಿಂದಲೂ ದೂರ. ಆದರೆ ಹಿಂದಿನ ಒಂದು ಚಕ್ರ ನೆಲ ಬಿಟ್ಟರೆ, ಡಿಫರೆನ್ಷಿಯಲ್ ಲಾಕ್ ಆಗಿಲ್ಲದಿದ್ದರೆ, ಆ ಚಕ್ರ ಹಿಮ್ಮುಖ ತಿರುಗಿ ವಾಹನ ಉರುಳಬಲ್ಲದು. ಜಾಕ್ ಹಾಕುವಾಗ ಚಕ್ರಕ್ಕೆ ಅಡ್ಡಗಲ್ಲು ಇಡದೆ ಮುಂದುವರಿಯಬಾರದು. ಚಲಿಸುತ್ತಿರುವಾಗ ಎಳೆಯಲೂ ಬಾರದು. ನಿಮ್ಮ ಟ್ರಾನ್ಸ್‌ಫರ್ ಕೇಸ್‌ಗೆ ಹೊಂದುವಂಥದ್ದು ಸಿಕ್ಕರೆ ನಾನು ಇದನ್ನೇ ಆರಿಸುವೆ, ಇಲ್ಲವಾದರೆ ಮೊದಲನೆಯದನ್ನು. ಎರಡನೆಯದನ್ನು ಕೊನೆಯ ಆಯ್ಕೆಯಾಗಿ ಇಟ್ಟುಕೊಳ್ಳಿ.

ಸಿ ಕ್ಲಿಪ್ ಆಕ್ಸಲ್ ಎಂದದ್ದು ಮುಖ್ಯ. ಅಂಥ ಶಾಫ್ಟ್ ಅಡ್ಡಲಾಗಿ ಸ್ವಲ್ಪ ಒಳಹೊರಗೆ ಆಡುತ್ತದೆ, ಅದರೊಡನೆ ಡಿಸ್ಕ್ ಕೂಡ. ತಿರುವಿನಲ್ಲಿ ಡಿಸ್ಕ್ ಪಿಸ್ಟನ್ನನ್ನು ಹಿಂದಕ್ಕೆ ತಳ್ಳಿದರೆ ಮುಂದಿನ ಸಲ ಪೆಡಲ್ ಮೊದಲ ತುಳಿತಕ್ಕೆ ಆಳಕ್ಕಿಳಿಯುತ್ತದೆ. ಎರಡೂ ಬದಿಗೆ ಪಿಸ್ಟನ್ ಇರುವ ಸ್ಥಿರ ಕ್ಯಾಲಿಪರ್‌ನಲ್ಲಿ ಈ ತೊಂದರೆ ಹೆಚ್ಚು. ನಿಮ್ಮದು ಫ್ಲೋಟಿಂಗ್ ಆದ್ದರಿಂದ ಪಿನ್‌ಗಳು ಸಲೀಸಾಗಿ ಜಾರುತ್ತಿರುವವರೆಗೆ ಚಿಂತೆಯಿಲ್ಲ. ಇದನ್ನು ಓದುತ್ತಿರುವ ಇತರರಿಗೆ ಒಂದು ಎಚ್ಚರಿಕೆ: ಬೇರಿಂಗನ್ನು ಹೊರತುದಿಯ ರಿಟೇನರ್ ಪ್ಲೇಟ್ ಹಿಡಿದಿರುವ ಆಕ್ಸಲ್‌ಗಳಲ್ಲಿ ಬ್ಯಾಕಿಂಗ್ ಪ್ಲೇಟಿನ ದಪ್ಪವೂ ಆ ಹಿಡಿತದ ಭಾಗ, ಬೇರೆ ದಪ್ಪದ ಬ್ರಾಕೆಟ್ ಹಾಕಿದರೆ ಬೇರಿಂಗಿನ ಕೂರುವಿಕೆಯೇ ಬದಲಾಗುತ್ತದೆ.

ಡಿಸ್ಕ್ ಕೂರಿಸುವ ಮುನ್ನ ಶಾಫ್ಟಿನ ಫ್ಲಾಂಜ್ ಮೇಲಿನ ತುಕ್ಕನ್ನು ಬರಿ ಲೋಹ ಕಾಣುವವರೆಗೆ ತೆಗೆಯಿರಿ, ನಟ್ ಬಿಗಿದು ಡಯಲ್ ಗೇಜ್ ಹಿಡಿದು ತಿರುಗಿಸಿ ನೋಡಿ; ಓಲಾಟ 0.1 ಮಿಲಿಮೀಟರ್ ದಾಟಬಾರದು. ಡಿಸ್ಕ್ ಕ್ಯಾಲಿಪರ್ ಬ್ರಾಕೆಟ್‌ನ ಸರಿಯಾದ ನಡುವೆ ಬರುವಂತೆ ಷಿಮ್ ಹಾಕಿ. ಬ್ಲೀಡ್ ನಿಪ್ಪಲ್ ಮೇಲ್ತುದಿಯಲ್ಲೇ ಇರಬೇಕು. ಎಡ ಬಲದ ಕ್ಯಾಲಿಪರ್ ಅದಲುಬದಲಾದರೂ ಬೋಲ್ಟ್‌ಗಳು ಸರಿಯಾಗಿಯೇ ಕೂರುತ್ತವೆ, ನಿಪ್ಪಲ್ ಮಾತ್ರ ಕೆಳಗಾಗುತ್ತದೆ, ಆಮೇಲೆ ಎಷ್ಟು ಆಯಿಲ್ ಹರಿಸಿದರೂ ಮೇಲೆ ಸಿಕ್ಕಿಕೊಂಡ ಗಾಳಿ ಹೊರಬರುವುದಿಲ್ಲ. ಕ್ಯಾಲಿಪರ್‌ಗೂ ರಿಮ್‌ಗೂ ನಡುವಿನ ಸಂದಿಯನ್ನು ಸಹ ನೋಡಿ. ರಸ್ತೆಯ ವಾಹನಕ್ಕೆ ತಗಲದಿದ್ದರೆ ಸಾಕು. ಕಲ್ಲುದಾರಿಯಲ್ಲಿ ಓಡುವ ವಾಹನಕ್ಕೆ ಆ ಸಂದಿಯಲ್ಲಿ ಸಣ್ಣ ಕಲ್ಲು ಸಿಕ್ಕಿಕೊಂಡು ರಿಮ್ಮಿನ ಒಳಮೈಯನ್ನು ಸುತ್ತಲೂ ಕೊರೆಯುತ್ತದೆ.

ಉತ್ತರ – ಲೋ ರೇಂಜ್

ಉಳಿದಿರುವುದು ಹೊಂದಿಸುವ ಕೆಲಸ. ಪ್ಯಾಡ್ ಮತ್ತು ಡಿಸ್ಕ್ ಪರಸ್ಪರ ಒಗ್ಗುವ ಮೊದಲು ವಾಲ್ವ್ ಹೊಂದಿಸಬೇಡಿ, ಒಗ್ಗಿದ ಮೇಲೆ ಘರ್ಷಣೆ ಬದಲಾಗುತ್ತದೆ. ಮಧ್ಯಮ ವೇಗದಿಂದ, ಪೂರ್ತಿ ನಿಲ್ಲಿಸದೆ, ಹದವಾಗಿ ಹಲವು ಸಲ ಬ್ರೇಕ್ ಹಿಡಿದು, ನಂತರ ಬ್ರೇಕ್ ಮುಟ್ಟದೆ ಓಡಿಸಿ ಆರಲು ಬಿಡಿ. ಆಮೇಲೆ ಹಿಂದಿನ ಒತ್ತಡ ಅತಿ ಕಡಿಮೆ ಇರುವಂತೆ ವಾಲ್ವ್ ತಿರುಗಿಸಿಟ್ಟು ಪರೀಕ್ಷೆ ಆರಂಭಿಸಿ. ಗುರಿ ಒಂದೇ: ಯಾವ ಸ್ಥಿತಿಯಲ್ಲೂ ಮುಂದಿನ ಚಕ್ರಗಳಿಗಿಂತ ಮೊದಲು ಹಿಂದಿನವು ಕಚ್ಚಿ ನಿಲ್ಲಬಾರದು. ಮುಂದಿನವು ಕಚ್ಚಿದರೆ ವಾಹನ ನೇರ ಹೋಗುತ್ತದೆ, ಹಿಂದಿನವು ಕಚ್ಚಿದರೆ ತಿರುಗಿಬಿಡುತ್ತದೆ.

ಈ ಪರೀಕ್ಷೆಯನ್ನು ಜಲ್ಲಿಯ ಮೇಲೆ ಮಾಡಿ ಮುಗಿಸುವವರು ತಪ್ಪು ಉತ್ತರ ಪಡೆಯುತ್ತಾರೆ. ಜಾರುವ ನೆಲದಲ್ಲಿ ವೇಗ ನಿಧಾನವಾಗಿ ಇಳಿಯುವುದರಿಂದ ಭಾರ ಮುಂದಕ್ಕೆ ಸರಿಯುವುದೂ ಕಡಿಮೆ, ಹಿಂದಿನ ಚಕ್ರಗಳಿಗೆ ಹಿಡಿತ ಉಳಿದಿರುತ್ತದೆ; ಅಲ್ಲಿ ಸರಿಯೆನಿಸಿದ ಹೊಂದಾಣಿಕೆ ಒಣ ಡಾಂಬರಿನಲ್ಲಿ ಜೋರಾಗಿ ತುಳಿದಾಗ ಹಿಂದಿನ ಚಕ್ರಗಳನ್ನು ಕಚ್ಚಿಸುತ್ತದೆ. ಆದ್ದರಿಂದ ಮೊದಲ ಪರಿಚಯ ಜಲ್ಲಿಯ ಮೇಲೆ ಕಡಿಮೆ ವೇಗದಲ್ಲಿ ಆಗಲಿ, ಕೊನೆಯ ಹೊಂದಾಣಿಕೆ ಸಂಚಾರವಿಲ್ಲದ, ಅಗಲವಾದ, ಒಣಗಿದ ಗಟ್ಟಿ ನೆಲದಲ್ಲಿ ಆಗಲಿ. ವಾಹನ ಖಾಲಿ ಇರಬೇಕು, ಹಿಂಭಾಗ ಹಗುರಾಗಿದ್ದಾಗಲೇ ಅಪಾಯ ಹೆಚ್ಚು. ಟು ವೀಲ್ ಡ್ರೈವ್‌ನಲ್ಲೇ ಇರಬೇಕು ಎಂಬುದು ಅನೇಕರ ಗಮನಕ್ಕೆ ಬರುವುದಿಲ್ಲ: ನಡುವೆ ಡಿಫರೆನ್ಷಿಯಲ್ ಇಲ್ಲದ ಟ್ರಾನ್ಸ್‌ಫರ್ ಕೇಸ್ ಫೋರ್ ವೀಲ್ ಡ್ರೈವ್‌ನಲ್ಲಿದ್ದಾಗ ಎರಡೂ ಆಕ್ಸಲ್‌ಗಳನ್ನು ಒಂದಕ್ಕೊಂದು ಕಟ್ಟಿಹಾಕುವುದರಿಂದ ಹಿಂದಿನ ಚಕ್ರಗಳು ಕಚ್ಚಲು ಮುಂದಿನವು ಬಿಡುವುದಿಲ್ಲ, ದೋಷ ಮುಚ್ಚಿಹೋಗುತ್ತದೆ.

ಹೊರಗೆ ನಿಂತು ಚಕ್ರಗಳನ್ನು ಗಮನಿಸಲು ಒಬ್ಬರು ಜೊತೆಗಿರಲಿ. ಒಳಗೆ ಕುಳಿತವರಿಗೆ ಯಾವ ಚಕ್ರ ಮೊದಲು ನಿಂತಿತು ಎಂಬುದು ಖಚಿತವಾಗಿ ತಿಳಿಯದು. ಹಿಂದಿನವು ಕಚ್ಚುವ ಹಂತ ಸಿಕ್ಕ ಮೇಲೆ ಅಲ್ಲಿಂದ ಹಿಂದಕ್ಕೆ ತಿರುಗಿಸಿ, ಮುಂದಿನವು ನಿಚ್ಚಳವಾಗಿ ಮೊದಲು ಕಚ್ಚುವ ಸ್ಥಾನದಲ್ಲಿ ವಾಲ್ವಿನ ನಟ್ ಬಿಗಿದುಬಿಡಿ. ಟೈರು ಅಥವಾ ಸ್ಪ್ರಿಂಗ್ ಬದಲಾದರೆ ಪರೀಕ್ಷೆಯನ್ನು ಮತ್ತೆ ಮಾಡಬೇಕು. ಮನೆಗೆ ಬಂದ ತಕ್ಷಣ ಜಾಕ್ ಏರಿಸಿ ಹಿಂದಿನ ಎರಡೂ ಚಕ್ರಗಳನ್ನು ಕೈಯಿಂದ ತಿರುಗಿಸಿ ನೋಡಿ. ಒಂದು ಬದಿ ಬಿಗಿಯಾಗಿದ್ದು ಅದರ ಡಿಸ್ಕ್ ಇನ್ನೊಂದಕ್ಕಿಂತ ಹೆಚ್ಚು ಕಾದಿದ್ದರೆ ಆ ಬದಿಯ ಪಿನ್‌ಗಳನ್ನೂ ಹೋಸನ್ನೂ ಪರಿಶೀಲಿಸಿ, ಎರಡೂ ಬದಿ ಒಂದೇ ರೀತಿ ಬಿಗಿಯಾಗಿದ್ದರೆ ಮಾಸ್ಟರ್ ಸಿಲಿಂಡರಿನ ರಂಧ್ರದಲ್ಲಿ ಆ ಶೇಷ ಒತ್ತಡದ ವಾಲ್ವ್ ಇನ್ನೂ ಕುಳಿತಿದೆಯೇ ಎಂದು ನೋಡಿ.